ಹೋದದ್ದು ಕಂಡಿತು, ಬಂದದ್ದು ಕಾಣಲಿಲ್ಲ

ನಮಸ್ಕಾರ.

ಟ್ಯಾಕ್ಸ್ ಕಾಗದ ಜೋಡಿಸುತ್ತಾ ಕೂತಿದ್ದಾಗ 2024ರ ಗ್ಯಾಸ್ ಬಿಲ್ಲುಗಳು ಕೈಗೆ ಸಿಕ್ಕವು. ಅದರಲ್ಲಿ ಕಾರ್ಬನ್ ಚಾರ್ಜ್‌ಗೆ (ಪೆಟ್ರೋಲು, ಗ್ಯಾಸು ಸುಟ್ಟ ಹೊಗೆಗೆ ಕೆನಡಾ ಸರ್ಕಾರ ಹಾಕುತ್ತಿದ್ದ ಶುಲ್ಕ) ಬೇರೆಯೇ ಒಂದು ಸಾಲು. ಆ ಸಾಲನ್ನು ಎಷ್ಟು ಬೈದಿದ್ದೆನೋ! ಸಂಘದ ಯುಗಾದಿ ಊಟದಲ್ಲಿ ಎಲೆ ಮುಂದೆ ಕೂತೂ ಬೈದಿದ್ದೇವೆ, ಅಲ್ವಾ? ಈಗ ಅದು ಇಲ್ಲ. 2025ರ ಮಾರ್ಚ್ 14ರಂದು ಮಾರ್ಕ್ ಕಾರ್ನಿ ಪ್ರಧಾನಿಯಾದ ದಿನವೇ ಅದನ್ನು ಸೊನ್ನೆ ಮಾಡುವುದಾಗಿ ಹೇಳಿದರು. ಏಪ್ರಿಲ್ 1ರಿಂದ ಹೋಯಿತು.

ಸುಮ್ನೆ ಕುತೂಹಲಕ್ಕೆ ಕೊನೆಯ ವರ್ಷದ ಲೆಕ್ಕ ಹಾಕಿದೆ. ಆಗ ಒಂದು ಟನ್ ಕಾರ್ಬನ್ ಡೈಆಕ್ಸೈಡಿಗೆ 80 ಡಾಲರ್ ದರ. ಪೆಟ್ರೋಲಿಗೆ ಲೀಟರಿಗೆ 17.6 ಸೆಂಟ್, ಮನೆ ಬಿಸಿ ಮಾಡುವ ಗ್ಯಾಸಿಗೆ ಘನ ಮೀಟರಿಗೆ 15.25 ಸೆಂಟ್. (ಇಲ್ಲಿ ಎರಡಕ್ಕೂ ಗ್ಯಾಸ್ ಅಂತಾರೆ. ಲೆಕ್ಕ ಬರೆಯುವವನ ಪಾಡು ದೇವರಿಗೇ ಪ್ರೀತಿ.) ನಮ್ಮದು ಎರಡು ಕಾರು. ಒಂದಕ್ಕೆ ವಾರಕ್ಕೊಮ್ಮೆ, ಇನ್ನೊಂದಕ್ಕೆ ಹದಿನೈದು ದಿನಕ್ಕೊಮ್ಮೆ 50 ಲೀಟರ್. ಫರ್ನೇಸ್ ವರ್ಷಕ್ಕೆ 2,200 ಘನ ಮೀಟರ್ ನುಂಗುತ್ತದೆ. ಎಲ್ಲ ಸೇರಿ 1,022 ಡಾಲರ್. ಅದರ ಮೇಲೆ ಎಚ್‌ಎಸ್‌ಟಿ ಅನ್ನುವ ಮಾರಾಟ ತೆರಿಗೆ ಬೇರೆ. ಒಟ್ಟು 1,155.

ಬಂದದ್ದೆಷ್ಟು? ನಮ್ಮ ಒಂಟಾರಿಯೋ ಪ್ರಾಂತ್ಯದಲ್ಲಿ ನಾಲ್ಕು ಜನರ ಸಂಸಾರಕ್ಕೆ ಮೂರು ತಿಂಗಳಿಗೊಮ್ಮೆ 280 ಡಾಲರ್ ರಿಬೇಟ್ (ಆ ಚಾರ್ಜಿನ ದುಡ್ಡಿನಿಂದ ಸರ್ಕಾರ ವಾಪಸ್ ಕೊಡುತ್ತಿದ್ದ ಹಣ) ಬರುತ್ತಿತ್ತು. ವರ್ಷಕ್ಕೆ 1,120. ಇಷ್ಟು ದಿನ ಬೈದದ್ದು 35 ಡಾಲರಿಗೆ! ಅಂಗಡಿ ಸಾಮಾನಿನ ಬೆಲೆಯೊಳಗೆ ಸೇರಿಕೊಂಡದ್ದು ಬೇರೆ ಇದೆ, ಒಪ್ಪುತ್ತೇನೆ. ಅದನ್ನು ಬಿಡಿಸಿ ನೋಡುವುದು ನನ್ನ ಕೈಲಾಗದು.

ಹೋಗುವ ದುಡ್ಡು ಪ್ರತಿ ಸಲ ಬಂಕಿನಲ್ಲಿ ಕಣ್ಣಿಗೆ ಹೊಡೆಯುತ್ತಿತ್ತು. ಬರುವ ದುಡ್ಡು ಸದ್ದಿಲ್ಲದೆ ಬ್ಯಾಂಕಿಗೆ ಬೀಳುತ್ತಿತ್ತು. ನನ್ನ ಪಾಸ್‌ಬುಕ್ಕಿನಲ್ಲಿ ಅದು ಸರ್ಕಾರದಿಂದ ಬಂದ ಯಾವುದೋ ಹಣ ಅಂತ ಕಾಣುತ್ತಿತ್ತು, ಅಷ್ಟೇ. ಕೊನೆಗೆ 2024ರಲ್ಲಿ ಸರ್ಕಾರ ಹೆಸರನ್ನೇ 'ಕೆನಡಾ ಕಾರ್ಬನ್ ರಿಬೇಟ್' ಅಂತ ಬದಲಿಸಿತು. ಅಷ್ಟು ಹೊತ್ತಿಗೆ ಜನರ ಮನಸ್ಸು ಮುರಿದಿತ್ತು.

ಈಗ ನಮ್ಮ ಬೀದಿಯ ಬೇಸ್‌ಮೆಂಟಿನಲ್ಲಿರುವ ಹೊಸ ದಂಪತಿಯನ್ನು ನೋಡಿ. ಊರಿಂದ ಬಂದು ಎರಡು ವರ್ಷ. ಕಾರಿಲ್ಲ, ಬಸ್ಸೇ ಗತಿ. ಹೀಟಿಂಗ್ ಬಾಡಿಗೆಯಲ್ಲೇ ಸೇರಿದೆ. ಇಬ್ಬರಿಗೂ ಸೇರಿ ವರ್ಷಕ್ಕೆ 840 ಡಾಲರ್ ಬರುತ್ತಿತ್ತು. ದೊಡ್ಡ ಮನೆ, ಮೂರು ಎಸ್‌ಯುವಿ, ಬಿಸಿ ನೀರಿನ ಈಜುಕೊಳ ಇದ್ದವರಿಗೂ ಬರುತ್ತಿದ್ದದ್ದು ತಲೆಗೆ ಅಷ್ಟೇ, ಆದರೆ ಅವರು ಕಟ್ಟುತ್ತಿದ್ದದ್ದು ಜಾಸ್ತಿ. ಜಾಸ್ತಿ ಸುಟ್ಟವರು ಜಾಸ್ತಿ ಕೊಟ್ಟರು. ನನಗೆ ಇದರಲ್ಲಿ ಅನ್ಯಾಯ ಕಾಣುವುದಿಲ್ಲ.

ಅನ್ಯಾಯ ಶುರುವಾದದ್ದು 2023ರ ಅಕ್ಟೋಬರಿನಲ್ಲಿ. ಮನೆ ಬಿಸಿ ಮಾಡುವ ಎಣ್ಣೆಗೆ ಮೂರು ವರ್ಷ ವಿನಾಯಿತಿ ಕೊಟ್ಟರು. ಆ ಎಣ್ಣೆ ಹೆಚ್ಚಾಗಿ ಬಳಸುವುದು ಪೂರ್ವ ಕರಾವಳಿಯ ಅಟ್ಲಾಂಟಿಕ್ ಪ್ರಾಂತ್ಯಗಳ ಕಡೆಯವರು. ಹಾಗಾದರೆ ಗ್ಯಾಸ್ ಉರಿಸುವ ನಾವೇನು ಪಾಪ ಮಾಡಿದ್ದೆವು? ಎಣ್ಣೆಯ ಹೊಗೆಯೇನು ಕಡಿಮೆಯೇ? ಸಸ್ಕಾಚೆವಾನ್ ಪ್ರಾಂತ್ಯದ ಸರ್ಕಾರ 2024ರ ಜನವರಿಯಿಂದ ಮನೆಯ ಗ್ಯಾಸಿನ ಮೇಲೆ ವಸೂಲಿಯನ್ನೇ ನಿಲ್ಲಿಸಿತು. ಒಬ್ಬರಿಗೆ ಬಿಟ್ಟ ಮೇಲೆ ಉಳಿದವರಿಗೆ ಬುದ್ಧಿ ಹೇಳುವುದು ಕಷ್ಟ.

ದೊಡ್ಡ ಕಾರ್ಖಾನೆಗಳ ಮೇಲಿನ ಕಾರ್ಬನ್ ಬೆಲೆ ಮಾತ್ರ ಈಗಲೂ ಇದೆ. ಮನೆಯವರ ಪಾಲಿಗೆ ಹೊಗೆ ಮತ್ತೆ ಪುಕ್ಕಟೆ.

ನಿಜವಾಗಿ ಪುಕ್ಕಟೆಯೇ? 2024ರ ಜುಲೈ 16ರ ಮಳೆ ನೆನಪಿದೆಯಲ್ಲ? ಟೊರೊಂಟೊ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಒಂದೇ ದಿನ ಸುಮಾರು 98 ಮಿಲಿಮೀಟರ್. ಡಾನ್ ವ್ಯಾಲಿ ಪಾರ್ಕ್‌ವೇ ಹೆದ್ದಾರಿಯಲ್ಲಿ ಕಾರುಗಳು ತೇಲಿದವು. ಒಂದು ಮಳೆಯನ್ನು ಹಿಡಿದು ಇದು ಹೊಗೆಯದ್ದೇ ಕೆಲಸ ಅನ್ನುವವನು ನಾನಲ್ಲ. ಆದರೆ ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರು ಹಿಡಿದಿಟ್ಟುಕೊಳ್ಳುತ್ತದೆ, ಸುರಿದಾಗ ಒಮ್ಮೆಗೇ ಸುರಿಯುತ್ತದೆ. ಆವತ್ತು ನೀರು ನುಗ್ಗಿದ್ದು ಎರಡನೇ ಮಹಡಿಗಲ್ಲ. ನಮ್ಮ ಬೀದಿಯ ಆ ದಂಪತಿ ಒದ್ದೆ ಹಾಸಿಗೆಯನ್ನು ಡ್ರೈವ್‌ವೇಗೆ ಎಳೆದು ಹಾಕಿ ನಿಂತಿದ್ದರು.

ನಿಮ್ಮ ಮನೆಯ ಲೆಕ್ಕ ನನ್ನದಕ್ಕಿಂತ ಬೇರೆ ಇರಬಹುದು. ಹಳೆ ಬಿಲ್ಲು ಇದ್ದರೆ ಕೂಡಿಸಿ ಕಳೆದು ಬರೆದು ಕಳಿಸಿ. ನಷ್ಟವಾದವರೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಹೆಸರಿಲ್ಲದೆ ಹಾಕುತ್ತೇವೆ.