ಮಗಳಿಗೊಂದು ಪತ್ರ: ಇಬ್ಬರು ಕೂತು ಓದುವ ಮನೆ

ಪ್ರೀತಿಯ ಪುಟ್ಟಿ,

ನಿನ್ನ ಲ್ಯಾಬಿನ ಗೆಳತಿ ಜೆರುಸಲೇಮಿನಲ್ಲಿ ಯಹೂದಿ ಹೆಂಗಸರು ತಮ್ಮ ಧರ್ಮಗ್ರಂಥ ಓದುವ ಮನೆಗೆ ಕರೆದಿದ್ದಾಳೆ, ಹೋಗುವ ಮುಂಚೆ ಅಲ್ಲಿನ ಕ್ರಮ ತಿಳಿಸು ಅಂದೆಯಲ್ಲ. ಖಂಡಿತ ಹೋಗು. ಹೋಗುವಾಗ ಒಂದು ಮಾತು ಮನಸ್ಸಿನಲ್ಲಿರಲಿ: ಆ ಸಮುದಾಯದ ಹೆಂಗಸರು ಇವತ್ತು ಹತ್ತು ಜನಕ್ಕೆ ದಾರಿ ಹೇಳುವಂತಾಗಿದ್ದರೆ, ಅದು ಮೂಲಗ್ರಂಥವನ್ನು ತಾವೇ ಬಿಡಿಸಿ ಓದಲು ಕಲಿತದ್ದರ ಫಲ.

ಒಳಗೆ ಕಾಲಿಟ್ಟ ಕೂಡಲೇ ಗದ್ದಲ ಕೇಳಿಸುತ್ತೆ. ಇಬ್ಬಿಬ್ಬರು ಎದುರುಬದುರು ಕೂತು ಒಂದೇ ಪುಟವನ್ನು ಗಟ್ಟಿಯಾಗಿ ಓದುತ್ತಾ ವಾದಿಸುತ್ತಿರುತ್ತಾರೆ. ಈ ಜೋಡಿಗೆ ಹೆವ್ರುತಾ ಅನ್ನುತ್ತಾರೆ. ಗೆಳತಿಯ ಪುಸ್ತಕವನ್ನು ಹತ್ತಿರದಿಂದ ನೋಡು. ಅದು ತಾಲ್ಮುದ್, ಯಹೂದಿ ಧರ್ಮನಿಯಮ ಮತ್ತು ಅದರ ಚರ್ಚೆಗಳ ಗ್ರಂಥ. ಪುಟದ ನಡುವೆ ಮೂಲಪಾಠ: ನಿಯಮಗಳ ಹಳೆಯ ಸಂಗ್ರಹವಾದ ಮಿಶ್ನಾ ಹೀಬ್ರೂವಿನಲ್ಲಿ, ಅದರ ಮೇಲಿನ ಚರ್ಚೆಯಾದ ಗೆಮಾರಾ ಬಹುಪಾಲು ಅರಾಮಿಕ್‌ನಲ್ಲಿ. ಹೊಲಿಗೆಯ ಕಡೆಯ ಅಂಚಿನಲ್ಲಿ 11ನೇ ಶತಮಾನದ ಫ್ರಾನ್ಸಿನ ಪಂಡಿತ ರಾಶಿಯ ವ್ಯಾಖ್ಯಾನ, ಹೊರ ಅಂಚಿನಲ್ಲಿ ಅವನ ನಂತರದವರ ಆಕ್ಷೇಪ, ಸಮಾಧಾನಗಳು. ಹಳೆಯ ಮುದ್ರಣಗಳಲ್ಲಿ ಸ್ವರಚಿಹ್ನೆ ಇಲ್ಲ, ವಿರಾಮಚಿಹ್ನೆಯೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಒಂದು ಸಾಲು ಪ್ರಶ್ನೆಯೋ ಉತ್ತರವೋ ಅನ್ನುವುದನ್ನೇ ಓದುವವರು ತೀರ್ಮಾನಿಸಬೇಕು. ಜೋಡಿ ಬೇಕಾಗುವುದು ಇದಕ್ಕೇ. ಒಬ್ಬಳು ಪ್ರಶ್ನೆಯ ಧಾಟಿಯಲ್ಲಿ ಓದಿದರೆ, ಇನ್ನೊಬ್ಬಳು ಉತ್ತರದ ಧಾಟಿಯಲ್ಲಿ ಓದಿ ತೋರಿಸುತ್ತಾಳೆ.

ಕ್ರಮ ಹೀಗೆ. ಒಬ್ಬಳು ಸಾಲು ಓದಿ ಅರ್ಥ ಹೇಳಬೇಕು. ಇನ್ನೊಬ್ಬಳು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಇಬ್ಬರಿಗೂ ಒಪ್ಪಿಗೆಯಾದ ಮೇಲೆ, ಅಥವಾ ಎಲ್ಲಿ ಒಪ್ಪಿಗೆಯಿಲ್ಲ ಅನ್ನುವುದು ಸ್ಪಷ್ಟವಾದ ಮೇಲೆ, ರಾಶಿಯನ್ನು ನೋಡಬೇಕು. ಮೊದಲೇ ವ್ಯಾಖ್ಯಾನಕ್ಕೋ ಅನುವಾದಕ್ಕೋ ಹೋದರೆ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಕೈಗೆ ಬರುತ್ತೆ, ಅದು ನಾಳೆಗೆ ನೆನಪಿರುವುದಿಲ್ಲ. ಜೋಡಿ ಕೆಡುವುದಕ್ಕೆ ಇನ್ನೊಂದು ಕಾರಣ, ಚುರುಕಾದವಳು ಇಡೀ ಹೊತ್ತು ತಾನೇ ವಿವರಿಸುತ್ತಾ ಹೋಗುವುದು. ಆಗ ಓದುವ ಸರದಿಯನ್ನು ಮೆಲ್ಲಗಿರುವವಳಿಗೇ ಕೊಡುತ್ತಾರೆ. ಗುರುವಾದವಳು ಮೇಜುಗಳ ನಡುವೆ ಓಡಾಡುತ್ತಿರುತ್ತಾಳೆ. ಏನಾದರೂ ಕೇಳಿದರೆ ಒಳ್ಳೆಯ ಗುರು ತಕ್ಷಣ ಉತ್ತರಿಸುವುದಿಲ್ಲ, “ಪುಟದಲ್ಲಿ ಎಲ್ಲಿದೆ, ತೋರಿಸು” ಅನ್ನುತ್ತಾಳೆ. ಜೋಡಿ ಓದು ಮುಗಿದ ಮೇಲೆಯೇ ಎಲ್ಲರಿಗೂ ಸೇರಿಸಿ ಪಾಠ.

ಇಲ್ಲಿಗೆ ಬರಲು ಹಾದಿ ಉದ್ದವಿತ್ತು. 1917ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದ ಸಾರಾ ಶೆನಿರೆರ್ 25 ಹುಡುಗಿಯರಿಗೆ ಪಾಠ ಶುರುಮಾಡಿದರು. ಗಂಡುಮಕ್ಕಳಿಗೆ ಧರ್ಮಪಾಠ, ಹೆಣ್ಣುಮಕ್ಕಳಿಗೆ ಬರೀ ಪೋಲಿಷ್ ಶಾಲೆ ಅನ್ನುವ ಕಾಲ ಅದು. ಬೇರೆ ಊರುಗಳು ಶಾಲೆ ಕೇಳಿದಾಗ ತಮ್ಮ ದೊಡ್ಡ ಶಿಷ್ಯೆಯರನ್ನೇ ಟೀಚರಾಗಿ ಕಳಿಸಿದರು. ಕೆಲವರು ಇನ್ನೂ ಹದಿನೈದರ ಆಸುಪಾಸಿನವರು. ಅಷ್ಟು ಎಳೆಯರನ್ನು ಕಳಿಸಿದರೆ ಸಾಲದು ಅನ್ನುವುದು ಬೇಗ ಗೊತ್ತಾಗಿ ಬೇಸಿಗೆ ತರಬೇತಿ, ಆಮೇಲೆ ಶಿಕ್ಷಕಿಯರ ವಿದ್ಯಾಲಯ ಬಂದವು. 1935ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಬೇಸ್ ಯಾಕೋವ್ ಎಂಬ ಹೆಸರಿನ ಅವರ ಶಾಲೆಗಳಲ್ಲಿ ಸಾವಿರಾರು ಹುಡುಗಿಯರಿದ್ದರು. ಕಲಿತವಳು ಕೂಡಲೇ ಕಲಿಸಬೇಕು ಅನ್ನುವ ಆ ಏರ್ಪಾಡು ನನಗೆ ತುಂಬ ದೊಡ್ಡದಾಗಿ ಕಾಣುತ್ತೆ. ತಾಲ್ಮುದ್ ಮಾತ್ರ ಅಲ್ಲಿನ ಪಾಠದಲ್ಲಿರಲಿಲ್ಲ. ಅದು ಹೆಂಗಸರ ಕೈಗೆ ವ್ಯಾಪಕವಾಗಿ ಬಂದದ್ದು 1970ರ ದಶಕದ ನಂತರ: ನ್ಯೂಯಾರ್ಕಿನಲ್ಲಿ 1979ರಲ್ಲಿ ದ್ರಿಶಾ, ಜೆರುಸಲೇಮಿನಲ್ಲಿ 1988ರಲ್ಲಿ ಮತಾನ್, 1990ರಲ್ಲಿ ನಿಶ್ಮತ್ ಎಂಬ ಹೆಂಗಸರ ಓದುಮನೆಗಳು ಶುರುವಾದವು.

ನಿಶ್ಮತ್‌ನಲ್ಲಿ ನಡೆದದ್ದನ್ನು ನೀನು ಸರಿಯಾಗಿ ತಿಳಿದುಕೊಳ್ಳಬೇಕು. ಸಂಪ್ರದಾಯಸ್ಥ ಯಹೂದಿ ದಂಪತಿ ಮುಟ್ಟಿನ ದಿನಗಳಲ್ಲಿ ದೂರವಿರುತ್ತಾರೆ. ಅಶ್ಕೆನಾಜಿ, ಅಂದರೆ ಯುರೋಪ್ ಮೂಲದ ಯಹೂದಿಗಳ, ರೂಢಿಯಲ್ಲಿ ಸ್ರಾವ ಶುರುವಾದಲ್ಲಿಂದ ಕಡಿಮೆಯೆಂದರೆ ಐದು ದಿನ, ಆಮೇಲೆ ಸ್ರಾವವಿಲ್ಲದ ಏಳು ದಿನ, ಆಮೇಲೆ ಮಿಕ್ವೆ ಎಂಬ ಕೊಳದಲ್ಲಿ ಮುಳುಗು ಹಾಕಬೇಕು. ತಿಂಗಳ ಚಕ್ರ ಚಿಕ್ಕದಿರುವವಳಿಗೆ ಹತ್ತನೆಯ, ಹನ್ನೊಂದನೆಯ ದಿನಕ್ಕೇ ಅಂಡ ಬಿಡುಗಡೆಯಾದರೆ, ಮಿಕ್ವೆಗೆ ಹೋಗುವಷ್ಟರಲ್ಲಿ ಗರ್ಭ ನಿಲ್ಲುವ ದಿನ ದಾಟಿಹೋಗಿರುತ್ತೆ. ದೇಹದಲ್ಲಿ ದೋಷವಿಲ್ಲ, ಮಗುವೂ ಇಲ್ಲ. ಇದನ್ನು ಗಂಡಸಾದ ರಬ್ಬಿಯ, ಅಂದರೆ ಧರ್ಮಗುರುವಿನ, ಮುಂದೆ ಹೇಳಲು ನಾಚಿ ಎಷ್ಟೋ ಜನ ಸುಮ್ಮನಿದ್ದುಬಿಡುತ್ತಿದ್ದರು. ಇನ್ನು ಕೆಲವರು ಬಣ್ಣದ ಬಟ್ಟೆಯ ಮೇಲಿನ ಕಲೆ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ ಅನ್ನುವ ನಿಯಮ ತಿಳಿಯದೆ ಏಳು ದಿನದ ಎಣಿಕೆಯನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಕೇಳಲು ಹೆಂಗಸೊಬ್ಬಳಿದ್ದರೆ ಅರ್ಧ ಸಂಕಟ ಇರುತ್ತಲೇ ಇರಲಿಲ್ಲ.

ಹಾನಾ ಹೆಂಕಿನ್ ಅವರ ನೇತೃತ್ವದಲ್ಲಿ ಹೆಂಗಸರನ್ನೇ ಈ ನಿಯಮಗಳಲ್ಲಿ ತಯಾರು ಮಾಡುವ ಕೋರ್ಸು ಆರಂಭವಾಯಿತು. 1999ರಲ್ಲಿ ಮೊದಲ ತಂಡ ಹೊರಬಂತು. ಅವರನ್ನು ಯೋಯೆತ್ಸೆತ್ ಹಲಾಖಾ ಅನ್ನುತ್ತಾರೆ, ಅಂದರೆ ಧರ್ಮನಿಯಮದ ಸಲಹೆಗಾರ್ತಿ. ಎರಡು ವರ್ಷ, ಸಾವಿರಕ್ಕೂ ಹೆಚ್ಚು ಗಂಟೆಗಳ ಓದು. ಜೊತೆಗೆ ಸ್ತ್ರೀರೋಗ, ಬಂಜೆತನ, ಮನಶ್ಶಾಸ್ತ್ರದ ಪಾಠ. ಕೊನೆಗೆ ರಬ್ಬಿಗಳ ಮುಂದೆ ಮೌಖಿಕ ಪರೀಕ್ಷೆ. ಫೋನಿನಲ್ಲಿ ಕೇಳಿದವರಿಗೂ ಉತ್ತರಿಸುತ್ತಾರೆ. ಮೊದಲು ತಾರೀಖು, ಸ್ರಾವದ ಪ್ರಮಾಣ, ತೆಗೆದುಕೊಳ್ಳುವ ಮಾತ್ರೆ ಕೇಳಿಕೊಳ್ಳುತ್ತಾರೆ, ಉತ್ತರ ಆಮೇಲೆ. ಹಿಂದೆ ಬಂದಿಲ್ಲದ ಸಮಸ್ಯೆಯಾದರೆ ರಬ್ಬಿಯ ಹತ್ತಿರ ಒಯ್ಯುತ್ತಾರೆ. ತಮ್ಮ ಗಡಿ ತಿಳಿದಿರುವುದೇ ಅವರ ಮೇಲೆ ನಂಬಿಕೆ ಬೆಳೆಯಲು ಕಾರಣವಾಯಿತು ಅನ್ನುವುದು ನನ್ನ ಅಭಿಪ್ರಾಯ.

ಹೆಂಗಸರಿಗೆ ರಬ್ಬಿ ಪದವಿ ಕೊಡುವ ಜಗಳ ಬೇರೆಯೇ ಇದೆ. ಸುಧಾರಣಾವಾದಿಗಳಲ್ಲಿ 1972ರಲ್ಲೇ ಅಮೆರಿಕದ ಸ್ಯಾಲಿ ಪ್ರೀಸ್ಯಾಂಡ್ ರಬ್ಬಿಯಾದರು. ಅದಕ್ಕೂ ಮುಂಚೆ 1935ರಲ್ಲಿ ಜರ್ಮನಿಯ ರೆಗಿನಾ ಯೋನಾಸ್ ಆಗಿದ್ದರು, ನಾಜಿಗಳು ಅವರನ್ನು ಔಷ್‌ವಿಟ್ಸ್‌ನಲ್ಲಿ ಕೊಂದರು. ಸಂಪ್ರದಾಯಸ್ಥರಲ್ಲಿ ಒಮ್ಮತವಿಲ್ಲ. ನ್ಯೂಯಾರ್ಕಿನಲ್ಲಿ 2009ರಲ್ಲಿ ಶುರುವಾದ ಯೆಶಿವತ್ ಮಹರತ್ ಹೆಂಗಸರಿಗೆ ದೀಕ್ಷೆ ಕೊಡುತ್ತದೆ, ಅಲ್ಲಿನ ದೊಡ್ಡ ಸಂಘಗಳು ಒಪ್ಪಿಲ್ಲ. ಈ ವಿಷಯದಲ್ಲಿ ನಿನ್ನ ಗೆಳತಿಯ ಮನೆಯವರ ನಿಲುವು ತಿಳಿಯದೆ ಬಾಯಿ ಹಾಕಬೇಡ.

ಇನ್ನು ಹೋಗುವ ವಿಚಾರ. ಗುರುವಾರ ರಾತ್ರಿ ಒಳ್ಳೆಯದು, ಅನೇಕ ಕಡೆ ಅಂದು ತಡರಾತ್ರಿಯವರೆಗೆ ಓದು ಇರುತ್ತೆ. ಶುಕ್ರವಾರ ಬೇಡ: ಮಧ್ಯಾಹ್ನದ ಮೇಲೆ ಬಸ್ ನಿಲ್ಲುತ್ತವೆ, ಸೂರ್ಯ ಮುಳುಗಿದ ಮೇಲೆ ಅವರ ವಾರದ ವಿಶ್ರಾಂತಿ ದಿನ ಶುರು, ಆಗ ಬರೆಯುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ತೋಳು, ಮೊಣಕಾಲು ಮುಚ್ಚುವ ಬಟ್ಟೆ ಹಾಕು. ತಿಂಡಿ ಒಯ್ಯುವುದಾದರೆ ಕೋಷರ್ (ಅವರ ಆಹಾರನಿಯಮಕ್ಕೆ ಒಪ್ಪುವ) ಮುದ್ರೆಯಿರುವ, ಸೀಲ್ ಒಡೆಯದ ಪ್ಯಾಕೆಟ್ಟೇ ಇರಲಿ. ನೀನು ಮಾಡಿದ ಚಕ್ಕುಲಿ ಎಷ್ಟೇ ಶುದ್ಧ ಸಸ್ಯಾಹಾರಿಯಾದರೂ ಅವರಿಗೆ ಆಗುವುದಿಲ್ಲ. ಆ ದಿನ ಯಾವ ಪುಟ ಅಂತ ಗೆಳತಿಯನ್ನು ಮೊದಲೇ ಕೇಳಿಕೋ. ಸೆಫಾರಿಯಾ ಆ್ಯಪಿನಲ್ಲಿ ಮೂಲ, ಇಂಗ್ಲಿಷ್ ಅನುವಾದ ಎರಡೂ ಪುಕ್ಕಟೆ ಸಿಗುತ್ತವೆ. ಐದಾರು ಸಾಲು ಸಾಕು, ಓದಿಕೊಂಡು ನಿನಗೆ ಅರ್ಥವಾಗದ ಒಂದು ಕಡೆ ಗುರುತು ಮಾಡಿಕೊಂಡು ಹೋಗು.

ನಿನ್ನ
ಅಮ್ಮ