ಮಗಳಿಗೊಂದು ಪತ್ರ: ಗಾಜಾ ನಮಗೆ ಯಾರದೋ ಊರಲ್ಲ

ಪ್ರೀತಿಯ ಮಗಳೇ,

ಭಾನುವಾರ ನೀನು ಫೋನಿನಲ್ಲಿ ಅತ್ತದ್ದು ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ಗಾಜಾದಲ್ಲಿ ನೀರಿಗಾಗಿ ಸಾಲು ನಿಂತ ಹುಡುಗಿಯೊಬ್ಬಳ ವಿಡಿಯೊ ನೋಡಿದೆ, ಅವಳು ಎಳೆಯುತ್ತಿದ್ದ ಹಳದಿ ಕ್ಯಾನು ಅವಳ ಸೊಂಟದವರೆಗೆ ಬರುತ್ತಿತ್ತು ಎಂದು ನೀನು ಹೇಳಿದೆ. ಅದನ್ನು ಹೇಳಿಕೊಂಡಾಗ ನಿನ್ನ ಗೆಳತಿ, ‘ಎಲ್ಲಿಯದೋ ಜಗಳ, ನಮಗೇಕೆ?’ ಎಂದಳಂತೆ. ಅದಕ್ಕೆ ಏನು ಹೇಳಬೇಕೆಂದು ನನಗೂ ಆಗ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ನಮ್ಮ ಬೆಂಗಳೂರಿನ ಜೆ.ಸಿ. ನಗರಕ್ಕೆ ಹೋದೆ.

ಅಲ್ಲಿ ಮೈಸೂರು ಲ್ಯಾನ್ಸರ್ಸ್, ಅಂದರೆ ಈಟಿ ಹಿಡಿದ ಕುದುರೆ ಸವಾರರ ದಳದ ಸ್ಮಾರಕವಿದೆ. ನೀನು ಚಿಕ್ಕವಳಾಗಿದ್ದಾಗ ಅದರ ಪಕ್ಕದಲ್ಲೇ ಎಷ್ಟೋ ಸಲ ಹಾದು ಹೋಗಿದ್ದೇವೆ; ಒಮ್ಮೆಯೂ ನಿಂತು ನೋಡಿರಲಿಲ್ಲ. ಕಲ್ಲಿನ ಕಂಬ, ಅದರ ಮೇಲೆ ಕಡಲಾಚೆ ಹೋಗಿ ಸತ್ತವರ ಹೆಸರು. ಬೆರಳಿಟ್ಟು ನಿಧಾನವಾಗಿ ಓದಿದೆ.

ಮೊದಲ ಮಹಾಯುದ್ಧದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಈ ಅಶ್ವದಳ ಬ್ರಿಟಿಷರ ಪರವಾಗಿ ಹಡಗು ಹತ್ತಿತು. ಮೊದಲು ಸೂಯೆಜ್ ಕಾಲುವೆಯ ಕಾವಲು. ಆಮೇಲೆ ಗಾಜಾ. ಹೌದು, ಅದೇ ಗಾಜಾ. ಯುದ್ಧ ಹತ್ತಿರ ಬಂದಾಗ, ಆಗ ಆ ಸೀಮೆಯನ್ನು ಆಳುತ್ತಿದ್ದ ತುರ್ಕರು ಊರಿನ ಜನರನ್ನೆಲ್ಲ ಹೊರಗೆ ಹಾಕಿದ್ದರು. 1917ರ ನವೆಂಬರ್ 7ರಂದು, ಶೆಲ್ ಬಿದ್ದು ಹಾಳಾದ ಆ ಖಾಲಿ ಊರನ್ನು ದಾಟಿ ಮೈಸೂರಿನವರಿದ್ದ ತುಕಡಿ ಪಕ್ಕದ ಬೈತ್ ಹನೂನ್ ತಲುಪಿತು. ಬೈತ್ ಹನೂನ್ ಎಂಬ ಹೆಸರನ್ನು ನೀನು ಸುದ್ದಿಯಲ್ಲಿ ಕೇಳಿರುತ್ತೀಯ. ನೂರು ವರ್ಷದ ಹಿಂದೆ ಅಲ್ಲಿ ಕನ್ನಡ ಮಾತನಾಡುವ ರಾವುತನೊಬ್ಬ ಕುದುರೆಗೆ ನೀರು ಹುಡುಕಿರಬಹುದು ಎಂದು ಯೋಚಿಸಿದಾಗ ನನಗೆ ಮೈ ಜುಮ್ಮೆಂದಿತು.

ಗಾಜಾ ಬ್ರಿಟಿಷರ ಕೈಗೆ ಬಂದ ಆ ಗೆಲುವಿಗೆ ಐದೇ ದಿನ ಮೊದಲು, ನವೆಂಬರ್ 2ರಂದು, ಬ್ರಿಟನ್ ಪ್ಯಾಲೆಸ್ತೀನಿನಲ್ಲಿ ಯಹೂದಿಯರಿಗೆ ರಾಷ್ಟ್ರೀಯ ನೆಲೆ ಒದಗಿಸಲು ನೆರವಾಗುವುದಾಗಿ ಘೋಷಿಸಿತ್ತು. ಅದಕ್ಕೂ ಮೊದಲು ಅರಬರಿಗೆ ಸ್ವಾತಂತ್ರ್ಯದ ಆಸೆ ತೋರಿಸಿತ್ತು. 1916ರಲ್ಲಿ ಫ್ರಾನ್ಸಿನ ಜೊತೆ ಗುಟ್ಟಾಗಿ ಕೂತು ಆ ಸೀಮೆಯನ್ನು ಹಂಚಿಕೊಳ್ಳುವ ಒಪ್ಪಂದವನ್ನೂ ಮಾಡಿಕೊಂಡಿತ್ತು. ಕುದುರೆಯ ಮೇಲಿದ್ದ ನಮ್ಮವರಿಗೆ ಇದನ್ನೆಲ್ಲ ಯಾರು ಹೇಳಿರುತ್ತಾರೆ? ಕೊಟ್ಟ ಮಾತುಗಳ ಸಾಲವನ್ನು ಇಂದಿಗೂ ಅಲ್ಲಿನ ಮಕ್ಕಳು ತೀರಿಸುತ್ತಿದ್ದಾರೆ.

1918ರ ಸೆಪ್ಟೆಂಬರ್ 23, ಈಗ ಇಸ್ರೇಲಿನಲ್ಲಿರುವ ಬಂದರು ಊರು ಹೈಫಾವನ್ನು ತುರ್ಕರಿಂದ ಗೆದ್ದ ದಿನ. ಕಾರ್ಮೆಲ್ ಬೆಟ್ಟದ ಮೇಲಿಂದ ಫಿರಂಗಿಗಳು ಸಿಡಿಯುತ್ತಿದ್ದಾಗ ಮೈಸೂರಿನ ರಾವುತರು ಆ ಕಡಿದಾದ ಬೆಟ್ಟ ಹತ್ತಿದರು. ಜೊತೆಗಿದ್ದ ಜೋಧಪುರದ ಲ್ಯಾನ್ಸರ್‌ಗಳು ಕೆಳಗಿನಿಂದ ಈಟಿ ಹಿಡಿದು ಊರಿನೊಳಗೆ ನುಗ್ಗಿದರು. ಅಂದು ಎಂಟು ಜನ ಸತ್ತರು, ಕುದುರೆಗಳು ಅರವತ್ತು. ಆ ಕುದುರೆಗಳ ವಿಷಯ ಓದಿದ ಮೇಲೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಒಂದು ತಿಂಗಳ ನಂತರ ಸಿರಿಯಾದ ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಮತ್ತೊಂದು ಕಾಳಗ.

ಗಾಜಾ, ಹೈಫಾ, ಅಲೆಪ್ಪೊ. ನಿನ್ನ ಮೊಬೈಲಿನಲ್ಲಿ ಬರುವ ಹೆಸರುಗಳೇ ಅಲ್ಲವೇ? 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮನೆಗಳಿಗೆ ನುಗ್ಗಿ ಕೊಂದದ್ದು ಘೋರ. ಆಮೇಲೆ ಗಾಜಾದ ಮೇಲೆ ಬಾಂಬು ಸುರಿಸಿ, ಅನ್ನ ನೀರು ತಡೆದು ಮಕ್ಕಳನ್ನು ಸಾಯಿಸಿದ್ದೂ ಘೋರವೇ. 2025ರ ಜೂನ್‌ನಲ್ಲಿ ಹೈಫಾದ ಮೇಲೂ ಇರಾನಿನ ಕ್ಷಿಪಣಿಗಳು ಬಿದ್ದವು. ಯಾರ ಪಕ್ಷ ಎಂದು ನಿನ್ನನ್ನು ಕೇಳುವವರಿಗೆ, ಆ ಕ್ಯಾನು ಎಳೆಯುವ ಹುಡುಗಿಯ ಪಕ್ಷ ಎಂದು ಧೈರ್ಯವಾಗಿ ಹೇಳು. ನಾನು ನಿನ್ನ ಜೊತೆಗಿದ್ದೇನೆ.

ನಿನ್ನನ್ನು ಹಾಸ್ಟೆಲಿಗೆ ಬಿಡಲು ದೆಹಲಿಗೆ ಬಂದಾಗ ಆಟೊದಲ್ಲಿ ತೀನ್ ಮೂರ್ತಿ ವೃತ್ತ ಸುತ್ತಿದೆವಲ್ಲ, ಅಲ್ಲಿನ ಮೂವರು ಕಂಚಿನ ಸೈನಿಕರು ಮೈಸೂರು, ಜೋಧಪುರ, ಹೈದರಾಬಾದಿನ ಇದೇ ಲ್ಯಾನ್ಸರ್‌ಗಳ ನೆನಪಿಗೆ ನಿಂತವರು. 2018ರಲ್ಲಿ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದ್ದಾರೆ. ಗಾಜಾದ ಹೆಸರು ಸೇರಲಿಲ್ಲವಲ್ಲ ಎಂದು ನನಗೆ ನೋವಿದೆ. ಮುಂದಿನ ಭಾನುವಾರ ಗೆಳತಿಯನ್ನೂ ಕರೆದುಕೊಂಡು ಹೋಗಿ ಬಾ. ಬಿಸಿಲು ಇಳಿದ ಮೇಲೆ ಹೋಗು, ನೀರಿನ ಬಾಟಲಿ ಮರೆಯಬೇಡ. ಮೂವರ ಮುಖವನ್ನೂ ಹತ್ತಿರದಿಂದ ನೋಡಿ, ಹೇಗಿದ್ದಾರೆ ಎಂದು ನನಗೆ ಬರೆದು ತಿಳಿಸು.

ನಿನ್ನ
ಅಪ್ಪ