ಪುಟ್ಟನ ಮೊದಲ ‘ಬೇಡ’

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದದ ಕೊನೆಯ ಸಾಲುಗಳನ್ನು ಓದಿದ ಮೇಲೆ ರಾತ್ರಿ ಕಣ್ಣು ಹತ್ತಲಿಲ್ಲ. ‘ಪುಟ್ಟ ಆಡಿದ ಮೊದಲ ಸ್ಪಷ್ಟ ಮಾತು ಬೇಡ. ನನ್ನ ಬಾಯಿಂದಲೇ ಕಲಿತದ್ದು. ಬರೀ ತಡೆಯುವ ತಾಯಿಯಾಗಿಬಿಟ್ಟೆನೇ?’ ಎಂದು ಬರೆದಿದ್ದೀಯ.

ಬದುಕಿಡೀ ಕನ್ನಡ ಪಾಠ ಹೇಳಿದವಳಿಗೆ ಮೊದಲು ತೋಚುವುದು ಪದವೇ, ತಪ್ಪು ತಿಳಿಯಬೇಡ. ವರ ಬೇಡುವುದು, ಭಿಕ್ಷೆ ಬೇಡುವುದು ಎನ್ನುತ್ತೇವಲ್ಲ, ಆ ‘ಬೇಡು’ವಿನ ನಿಷೇಧಾರ್ಥಕ ರೂಪವೇ ‘ಬೇಡ’. ತಮಿಳರ ‘ವೇಂಡಾಂ’ ಅದರ ಒಡಹುಟ್ಟು. ‘ಮುಟ್ಟಬೇಡ’ ಎಂದರೆ ಮುಟ್ಟುವುದು ಬೇಕಾಗಿಲ್ಲ ಎಂದಷ್ಟೇ ಮೂಲದ ಅರ್ಥ. 12ನೆಯ ಶತಮಾನದಲ್ಲಿ ಬಸವಣ್ಣನವರು ‘ಕಳಬೇಡ ಕೊಲಬೇಡ’ ಎಂದು ಏಳು ಸಲ ಬೇಡ ಎಂದರು. ‘ಹುಸಿಯ ನುಡಿಯಲು ಬೇಡ’ ಎಂಬಲ್ಲಿ ಎರಡು ಪದಗಳೂ ಬಿಡಿಬಿಡಿಯಾಗಿಯೇ ಕಾಣುತ್ತವೆ, ಇನ್ನೂ ಬೆಸೆದುಕೊಂಡಿಲ್ಲ. ಚಮಚ ತಳ್ಳಿ ಬೇಡ ಎನ್ನುವ ಮಗು ತನ್ನ ಮನಸ್ಸನ್ನು ನಿನ್ನ ಮುಂದೆ ಇಡುತ್ತಿದೆ. ಹೆದರಿದ ಮಗು ಹಾಗೆ ಹೇಳುವುದಿಲ್ಲ, ಸುಮ್ಮನೆ ಬಾಯಿ ತೆರೆಯುತ್ತದೆ.

ನನಗೆ ಅಂಜಿಕೆ ‘ಬಾರದು’, ‘ಕೂಡದು’ಗಳದ್ದು. ಒಂದು ‘ಬರು’ವಿನಿಂದ, ಇನ್ನೊಂದು ‘ಕೂಡು’ವಿನಿಂದ ಬಂದದ್ದು. ಬೇಡ ಎಂದರೆ ಯಾರಿಗೆ ಬೇಡ ಎಂದು ಕೇಳಬಹುದು. ಹೋಗಬಾರದು ಎಂದರೆ ಯಾರನ್ನು ಕೇಳುವುದು? ಹೇಳಿದವರು ಮಾತಿನ ಹಿಂದೆ ಮರೆಯಾಗಿಬಿಡುತ್ತಾರೆ. ಸಂಸ್ಕೃತದ ‘ನಿಷೇಧ’ ಇನ್ನೂ ಗಡುಸು, ಅದರೊಳಗಿನ ‘ಸಿಧ್’ ಧಾತುವಿಗೆ ಅಟ್ಟು, ಓಡಿಸು ಎಂದರ್ಥ.

ನಿನ್ನ ಅಕ್ಕ ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲೆಯಿಂದ ಜೋಗಕ್ಕೆ ಪ್ರವಾಸ ಹೊರಟಿದ್ದರು. ಒಪ್ಪಿಗೆ ಚೀಟಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ‘ಹೆಣ್ಣುಮಕ್ಕಳು ರಾತ್ರಿ ಹೊರಗೆ ತಂಗಬಾರದು’ ಎಂದೆ. ನನಗಿದ್ದದ್ದು ನೀರಿನ ಭಯ. ಯಾಕೆಂದು ನಿನಗೆ ಗೊತ್ತು. ಅದನ್ನು ಹೇಳಿದ್ದರೆ ಅವಳು ಅತ್ತಾದರೂ ಅಳುತ್ತಿದ್ದಳು, ಜಗಳವಾದರೂ ಆಡುತ್ತಿದ್ದಳು. ಆಗ ಏನೂ ಅನ್ನಲಿಲ್ಲ. ಆಮೇಲೆ ಯಾವುದನ್ನೂ ಕೇಳಲೂ ಇಲ್ಲ. ಅವಳ ಮದುವೆಯಾದ ಮೇಲೆ ಅಟ್ಟ ತೆಗೆದಾಗ ಕಂಪಾಸ್ ಪೆಟ್ಟಿಗೆಯಲ್ಲಿ ಆ ಚೀಟಿ ಸಿಕ್ಕಿತು. ನಾಲ್ಕು ಮಡಿಕೆ. ನನ್ನ ಹೆಸರನ್ನು ಅವಳೇ ದುಂಡಗೆ ಬರೆದಿದ್ದಳು. ಸಹಿಯ ಜಾಗ ಖಾಲಿ.

ಅದಕ್ಕೇ ಹೇಳುತ್ತೇನೆ, ಪುಟ್ಟ ಬೇಡ ಎಂದನೆಂದು ಎದೆ ಒಡೆದುಕೊಳ್ಳಬೇಡ. ಬೇಡ ಎನ್ನುವುದನ್ನು ಅವನು ನಿಲ್ಲಿಸಿಬಿಟ್ಟರೆ ಆಗ ನನಗೆ ಬರೆ. ಒಲೆ, ಬಾವಿ, ರಸ್ತೆ ಎಂದರೆ ಬಾಯಿಗೆ ಬಂದದ್ದನ್ನು ಕೂಗು, ಅಲ್ಲಿ ವ್ಯಾಕರಣ ನೋಡುವ ಹೊತ್ತಲ್ಲ. ಉಳಿದ ಕಡೆ, ಆದರೆ, ‘ನನಗೆ ಭಯವಾಗುತ್ತದೆ ಕಂದಾ’ ಎಂದು ನಿನ್ನ ಹೆಸರಿನಲ್ಲೇ ಹೇಳಿ ನೋಡು. ಎರಡು ವರ್ಷದ ಮಗುವಿಗೆ ಎಷ್ಟು ತಿಳಿಯುತ್ತದೋ ಕಾಣೆ. ನಾನೇ ಮಾಡಲಾರದ್ದನ್ನು ನಿನಗೆ ಹೇಳಿಕೊಡುತ್ತಿದ್ದೇನೆ, ಅದೂ ಗೊತ್ತಿದೆ. ಊಟದ ಹೊತ್ತಿನಲ್ಲಿ ಬೇಡ ಎಂದರೆ ಚಮಚ ಕೆಳಗಿಡು, ಒಂದು ಹೊತ್ತಿಗೆ ಸೊರಗುವುದಿಲ್ಲ.

ಅಕ್ಕ ದೀಪಾವಳಿಗೆ ಬರುತ್ತಾಳೆ. ಚೀಟಿಯನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದೇನೆ.

ನಿನ್ನ ದೊಡ್ಡಮ್ಮ